ಅಳಿಯನ ಕೈಯ ವಾಚು

ಭೋಜರಾಜ ಎಂಬ ಹೆಸರು ಕೇಳಿ ನಾನು ಅರವತ್ತು ದಾಟಿದ ಯಾರನ್ನೋ ನಿರೀಕ್ಷಿಸಿದ್ದೆ. ಪಂಚೆ, ದಪ್ಪ ಕನ್ನಡಕ, ಕಂಕುಳಲ್ಲಿ ಚರ್ಮದ ಬ್ಯಾಗು. ಬಾಗಿಲು ತೆಗೆದರೆ ನನ್ನದೇ ವಯಸ್ಸಿನವನೊಬ್ಬ ಹೆಲ್ಮೆಟ್ ಕೈಯಲ್ಲಿ ಹಿಡಿದು, ಹಣೆಯ ಬೆವರನ್ನು ಅಂಗಿಯ ತೋಳಿಗೆ ಒರೆಸಿಕೊಳ್ಳುತ್ತ ನಿಂತಿದ್ದ.

"ಶಂಕರನಾರಾಯಣ ಸಾರ್ ಮನೆ ಇದೇ ತಾನೇ? ಹರಾಜು ಕಂಪನಿಯಿಂದ ಬಂದಿದ್ದೀನಿ. ವಾಚ್ ನೋಡೋಕೆ."

"ಭೋಜರಾಜ ಅನ್ನೋರು ಬರ್ತಾರೆ ಅಂದಿದ್ರು."

"ನಾನೇ ಭೋಜರಾಜ."

"ನೀವಾ?"

"ತಾತನ ಹೆಸರು. ವಾಪಸ್ ಕೊಡೋಕೆ ನೋಡ್ದೆ, ಮನೇಲಿ ತಗೊಳ್ಳಲಿಲ್ಲ," ಎಂದು ನಕ್ಕ.

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಕಿರಿದಾಗುತ್ತಿತ್ತು. ಇದನ್ನು ನಾನು ಅಷ್ಟು ಬೇಗ ಗಮನಿಸಬಾರದಿತ್ತು.

ಮದರಾಸಿನ ವೇಲಚೇರಿಯ ನಮ್ಮ ಫ್ಲಾಟಿನ ಸೋಫಾಕ್ಕೆ ಒಂದು ಚರಿತ್ರೆಯಿದೆ. ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಕೂತದ್ದು ಅದರ ಮೇಲೆಯೇ. ಒಬ್ಬ ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ಇನ್ನೊಬ್ಬನಿಗೆ ಹುಡುಗಿ ಮಣಲಿಯ ರಿಫೈನರಿಯಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೊಂಡು ಶಿಫ್ಟ್ ಮಾಡುವ ಎಂಜಿನಿಯರ್ ಎಂಬುದೇ ನುಂಗಲಾರದ ತುತ್ತಾಯಿತು. ಯಾರೂ ನನ್ನನ್ನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದರು, ಬೆಂಡೆಕಾಯಿ ತುದಿ ಮುರಿದು ನೋಡುವ ಹಾಗೆ.

ಭೋಜರಾಜ ಅದೇ ಸೋಫಾದಲ್ಲಿ ಕೂತ. ಅಪ್ಪ ಒಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ತಂದು, ಅದರೊಳಗಿನ ರೇಷ್ಮೆ ಬಟ್ಟೆ ಬಿಡಿಸಿ, ವಾಚನ್ನು ಟೀಪಾಯಿಯ ಮೇಲೆ ಇಟ್ಟರು. ಅವನು ಅದನ್ನು ತಕ್ಷಣ ಮುಟ್ಟಲಿಲ್ಲ. ಕೈ ತೊಳೆಯಲು ಜಾಗ ಕೇಳಿದ. ತೊಳೆದು ಬಂದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಆಮೇಲೆ, ಮಲಗಿದ ಮಗುವನ್ನು ಎತ್ತುವವರ ಹಾಗೆ, ಎರಡೂ ಕೈಯಲ್ಲಿ ಎತ್ತಿಕೊಂಡ.

"ಅಮ್ಮಾಡಿ..." ಎಂದ. ಅಷ್ಟೇ. ಅಬ್ಬಬ್ಬಾ ಎನ್ನುವುದಕ್ಕೆ ತಮಿಳು.

ತೆಳು ಗುಲಾಬಿ ಛಾಯೆಯ ಚಿನ್ನದ ವಾಚು ಅದು. ಡಯಲ್ ತುಂಬ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳು. ಅವನು ಅದನ್ನು ಕಿಟಕಿಯ ಕಡೆ ಇಷ್ಟೇ ಇಷ್ಟು ವಾಲಿಸಿದ. ಬೆಳಕು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುತ್ತ ಡಯಲಿನ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ಹುಟ್ಟಿದಾಗಿನಿಂದ ಆ ವಾಚನ್ನು ಅಪ್ಪನ ಕೈಯಲ್ಲಿ ಕಂಡವಳು ನಾನು. ಅದರೊಳಗೆ ಬೆಳಕು ನಡೆದಾಡುತ್ತದೆಂದು ಅವತ್ತೇ ಗೊತ್ತಾದದ್ದು.

"ಸಾರ್, ಈ ಡಯಲ್ ನಾನು ಪುಸ್ತಕದಲ್ಲಿ ಮಾತ್ರ ನೋಡಿರೋದು," ಎಂದ ಕೊನೆಗೆ, ದನಿ ತಗ್ಗಿಸಿ. "ಸ್ವಿಟ್ಜರ್ಲೆಂಡಲ್ಲಿ ಒಂದು ಚಿಕ್ಕ ಕಂಪನಿ. ಮುಚ್ಚಿ ಎಷ್ಟೋ ಕಾಲ ಆಯ್ತು. ಕೀ ಕೊಡೋದು ಬೇಡ, ಕೈ ಆಡಿಸಿದ್ರೆ ತಾನೇ ಸುತ್ತಿಕೊಳ್ಳುತ್ತೆ. ಆಟೋಮ್ಯಾಟಿಕ್. ಆದ್ರೆ ಇದು ಆಟೋಮ್ಯಾಟಿಕ್‌ಗೆಲ್ಲ ತಾತ. ಮೇಡಂ, ತಪ್ಪಾಗಿ ತಗೋಬೇಡಿ, ಸ್ವಲ್ಪ ಕೈ ಕೊಡ್ತೀರಾ?"

ಕೊಟ್ಟೆ. ವಾಚನ್ನು ನನ್ನ ಅಂಗೈ ಮೇಲಿಟ್ಟು, ಬೆರಳುಗಳನ್ನು ಮಡಿಸಿ, ಮಣಿಕಟ್ಟನ್ನು ನಿಧಾನವಾಗಿ ಆಚೀಚೆ ವಾಲಿಸಿದ. ಟಕ್. ವಾಚಿನ ಹೊಟ್ಟೆಯೊಳಗಿಂದ ಯಾರೋ ಮೆಲ್ಲಗೆ ಬಾಗಿಲು ತಟ್ಟಿದಂತಾಯಿತು. ಇನ್ನೊಮ್ಮೆ ವಾಲಿಸಿದ. ಟಕ್.

"ಈಗಿನ ವಾಚಲ್ಲಿ ಒಳಗಿರೋ ತೂಕ ಸುತ್ತಲೂ ತಿರುಗುತ್ತೆ. ಇದರಲ್ಲಿ ಅರ್ಧ ದಾರಿ ಹೋಗಿ, ಸಣ್ಣ ಸ್ಪ್ರಿಂಗಿಗೆ ಮುಟ್ಟಿ ವಾಪಸ್ ಬರುತ್ತೆ. ಕೈ ಆಡಿದಾಗೆಲ್ಲ ಹೀಗೆ ತಟ್ಟುತ್ತೆ. ಗೊತ್ತಾಯ್ತಾ?"

ಗೊತ್ತಾಯಿತು. ಐದು ವರ್ಷದಿಂದ ಡಬ್ಬಿಯಲ್ಲಿ ಸತ್ತಂತೆ ಮಲಗಿದ್ದ ವಾಚಿನ ಸೆಕೆಂಡ್ ಮುಳ್ಳು ನನ್ನ ಅಂಗೈಯಲ್ಲಿ ಓಡತೊಡಗಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಭೋಜರಾಜ ವಾಚನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದು, ನಾಲ್ಕು ವರ್ಷದ ಹುಡುಗನ ಕಣ್ಣಿನಲ್ಲಿ.

ಆ ಸೋಫಾದಲ್ಲಿ ಕೂತು ಯಾವ ಗಂಡೂ ಯಾವುದನ್ನೂ ಹಾಗೆ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಒಂದು ವಾಚಿನ ಮೇಲೆ.

*

ನಮ್ಮ ಮನೆಯಲ್ಲಿ ಆ ವಾಚು ಅಪ್ಪನಿಂದ ಮಗನಿಗೆ ಬರುವುದಲ್ಲ, ಮಾವನಿಂದ ಅಳಿಯನಿಗೆ ಹೋಗುವುದು. ವರಪೂಜೆಯ ಹೊತ್ತಿಗೆ ಹೆಣ್ಣಿನ ಅಪ್ಪ ಗಂಡಿನ ಕೈಗೆ ವಾಚು ಕಟ್ಟುವುದು ಎಲ್ಲರಲ್ಲೂ ಉಂಟು. ಎಲ್ಲರೂ ಅಂಗಡಿಯಿಂದ ಹೊಸದು ತರುತ್ತಾರೆ. ನಮ್ಮದು ಇದೊಂದೇ. ಅಮ್ಮನ ತಾಯಿ ಲೀಲಮ್ಮಜ್ಜಿಯ ಅಪ್ಪ ಮದರಾಸು ಬಂದರಿನ ಒಂದು ಹಡಗು ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದರು. ಅಜ್ಜಿಯ ಮದುವೆಗೆಂದೇ ಇದನ್ನು ಸಮುದ್ರದಾಚೆಯಿಂದ ತರಿಸಿ ರೈಲ್ವೆಯಲ್ಲಿದ್ದ ನಮ್ಮ ತಾತನ ಕೈಗೆ ಕಟ್ಟಿದರು. ಅಮ್ಮನ ಮದುವೆಯಲ್ಲಿ ತಾತ ಅದನ್ನು ನಮ್ಮಪ್ಪನ ಕೈಗೆ ಕಟ್ಟಿದರು. ಎರಡು ಸಲವೂ ಅಜ್ಜಿ ಅದಕ್ಕೆ ಕುಂಕುಮ ಹಚ್ಚಿದ್ದರು.

ನನಗೆ ಗಂಡು ನೋಡಲು ಶುರು ಮಾಡಿದ ದಿನ ಅಪ್ಪ ವಾಚನ್ನು ಕೈಯಿಂದ ತೆಗೆದರು. ನಿನ್ನೆ ತನಕ ತಾನು ಕಟ್ಟಿದ್ದನ್ನು ಇವತ್ತು ಅಳಿಯನಿಗೆ ಕೊಡಬಾರದಂತೆ. ಕೈಯಿಂದ ಇಳಿದ ವಾಚು ಎರಡನೆಯ ದಿನಕ್ಕೇ ನಿಂತಿತು. ವೇಲಚೇರಿಯಲ್ಲಿ ನೀರು ನುಗ್ಗಿದ ವರ್ಷ ಎಲ್ಲರೂ ಸರ್ಟಿಫಿಕೇಟು, ಪಾಸ್‌ಬುಕ್ಕು ಎತ್ತಿಕೊಂಡು ಟೆರೇಸಿಗೆ ಓಡಿದರೆ, ಅಪ್ಪ ಒಂದು ಕೈಯಲ್ಲಿ ತಮ್ಮ ಅತ್ತೆ ಲೀಲಮ್ಮಜ್ಜಿಯನ್ನು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬಿಯನ್ನು ಹಿಡಿದು ಹತ್ತಿದರು. ಆಗಲೂ ವಾಚನ್ನು ಕೈಗೆ ಕಟ್ಟಿಕೊಳ್ಳಲಿಲ್ಲ.

ಕಳೆದ ವರ್ಷ ಒಂದು ಸಂಬಂಧ ನಿಶ್ಚಿತಾರ್ಥದ ಹೊಸ್ತಿಲ ತನಕ ಬಂದಿತ್ತು. ಅಪ್ಪ ಹೆಮ್ಮೆಯಿಂದ ಡಬ್ಬಿ ತೆರೆದರು. ಹುಡುಗನ ತಾಯಿ ಬಗ್ಗಿ ನೋಡಿ, "ಸೆಕೆಂಡ್ ಹ್ಯಾಂಡಾ? ಹೊಸದು ಕೊಡಲ್ವಾ?" ಎಂದರು. ಹುಡುಗ ತನಗೆ ಬೇಕಾದ ಸ್ಮಾರ್ಟ್ ವಾಚಿನ ಮಾಡೆಲ್ ಹೇಳಿದ. ಅಪ್ಪನ ಮುಖ ನೋಡಲಾಗಲಿಲ್ಲ. ಆ ಸಂಬಂಧ ಬೇಡವೆಂದವಳು ನಾನೇ. ವಾಚನ್ನು ಮಾರೋಣ ಎಂದವಳೂ ನಾನೇ.

"ಇದರ ಬೆಲೆ ಗೊತ್ತಿರೋರ ಕೈಗೆ ಹೋಗ್ಲಿ ಅಪ್ಪಾ. ನನ್ನ ಮದುವೆಗೆ ಕಾಯ್ತಾ ಡಬ್ಬೀಲಿ ಸಾಯೋದು ಬೇಡ," ಎಂದೆ.

ಅಪ್ಪ ತುಂಬ ದಿನ ಡಬ್ಬಿಯನ್ನು ತೆರೆಯುತ್ತ ಮುಚ್ಚುತ್ತ ಇದ್ದರು. ಆಮೇಲೆ ತಾವೇ ಹರಾಜು ಕಂಪನಿಗೆ ಫೋನ್ ಮಾಡಿದರು.

*

ಸರ್ವಿಸ್ ಆದ ಮೇಲೆ ವಾಚು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಬೇಕು ಎಂದ ಭೋಜರಾಜ. ತಿರುಗಿಸುವ ಮೆಷಿನ್ ಇದೆಯಂತೆ. ಆದರೆ ಈ ವಯಸ್ಸಿನ ಸ್ಪ್ರಿಂಗಿಗೆ ಅದು ಒರಟಂತೆ.

"ಮನುಷ್ಯರ ಕೈನೇ ಬೇಕು ಸಾರ್. ನೀವು ಒಪ್ಪಿದ್ರೆ ಹರಾಜಿನ ತನಕ ನಾನೇ ಕಟ್ಕೊಂಡಿರ್ತೀನಿ."

"ನೀವೇ... ಕಟ್ಕೋತೀರಾ?" ಎಂದು ಅಪ್ಪ ನನ್ನ ಕಡೆ ನೋಡಿದರು.

ಆ ಗಳಿಗೆಯಲ್ಲಿ ನಾನು ಹೇಳಬಹುದಿತ್ತು, ಸ್ವಾಮೀ, ಇದನ್ನು ಅಳಿಯಂದಿರು ಮಾತ್ರ ಕಟ್ಟುವುದು ಎಂದು. ಹೇಳಿದ್ದರೆ ಅವನು ಕಟ್ಟಿಕೊಳ್ಳುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. "ಪರವಾಗಿಲ್ಲ, ಕಟ್ಕೊಳ್ಳಲಿ ಅಪ್ಪಾ," ಎಂದೆ, ಬಹಳ ಬಿಸಿನೆಸ್‌ನ ಗಾಂಭೀರ್ಯದಲ್ಲಿ.

ಮರುವಾರದಿಂದ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬರತೊಡಗಿತು. ವಾಚು ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಪೆರಂಬೂರಿನ ಅವನ ಮನೆಯ ಬಾಲ್ಕನಿಯಲ್ಲಿ, ಕಾಫಿ ಲೋಟದ ಪಕ್ಕ. ಲೋಕಲ್ ಟ್ರೈನಿನ ಕಂಬಿ ಹಿಡಿದ ಕೈಯಲ್ಲಿ. ಒಂದು ದಿನ ಎಣ್ಣೂರಿನ ಸಮುದ್ರದ ಮುಂದೆ, ಹಿಂದೆ ಪವರ್ ಸ್ಟೇಷನ್ನಿನ ಚಿಮಣಿಗಳು.

"ಎಣ್ಣೂರಿಗೆ ಯಾಕೆ ಹೋದ್ರಿ?" ಎಂದು ಬರೆದೆ.

"ಸುಮ್ಮಾ. ವಾಚಿಗೆ ಸಮುದ್ರ ತೋರಿಸೋಣ ಅಂತ. ಅಲ್ಲಿಂದ ತಾನೇ ಬಂದಿದ್ದು."

"ಅಲ್ಲಿಂದ ಮಣಲಿ ಹತ್ತಿರ."

"ಹೌದಾ? ಗೊತ್ತೇ ಇರ್ಲಿಲ್ಲ," ಎಂದು ಬರೆದು, ಆಮೇಲೆ, "ನಿಮ್ಮ ಗೇಟ್ ಮುಂದೆ ಟೀ ಚೆನ್ನಾಗಿದೆ," ಎಂದು ಕಳಿಸಿದ.

ಯೂನಿಫಾರಂ, ಬೂಟು, ತಲೆಯ ಮೇಲೆ ಹಳದಿ ಹೆಲ್ಮೆಟ್, ಮೈಯೆಲ್ಲ ಎಣ್ಣೆಯ ವಾಸನೆ. ಹಾಗೆಯೇ ಗೇಟಿನ ತನಕ ಓಡಿದೆ. ಅವನು ಬೆಂಚಿನಿಂದ ಎದ್ದು ನಿಂತ. ಮೇಲಿಂದ ಕೆಳಗೆ ನೋಡಿದ. ಕಣ್ಣು ಕಿರಿದಾಯಿತು, ಮೊದಲು ಎಡಗಣ್ಣು.

"ಏನು?" ಎಂದೆ.

"ಏನಿಲ್ಲ. ಹೆಲ್ಮೆಟ್ ತೆಗೀಬೇಡಿ."

"ಯಾಕೆ?"

"ಒರಿಜಿನಲ್ ಕಂಡೀಷನ್‌ನಲ್ಲಿ ನೋಡಿದ್ದು ಇದೇ ಮೊದಲು."

ನಗು ತಡೆಯಲಾಗಲಿಲ್ಲ. ಅವನ ಕನ್ನಡ ಯಾಕೆ ಹೀಗೆ ಅರ್ಧ ತಮಿಳು ಎಂದು ಕೇಳಿದೆ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಬಯ್ಯುತ್ತಾರಂತೆ, ಅವನು ತಮಿಳಿನಲ್ಲಿ ಉತ್ತರ ಕೊಡುತ್ತಾನಂತೆ. "ಅದಕ್ಕೇ ನನಗೆ ಬರೋ ಕನ್ನಡದಲ್ಲಿ ಮುಕ್ಕಾಲು ಭಾಗ ಬೈಗುಳ. ಮಿಕ್ಕಿದ್ದು ನಿಮ್ಮ ಹತ್ರ ಮಾತಾಡೋಕೆ ಅಂತ ಈಗ ಕಲೀತಿದ್ದೀನಿ," ಎಂದ. ಟೀ ಲೋಟ ಹಿಡಿದ ಅವನ ಕೈಯಲ್ಲಿ ವಾಚಿತ್ತು. ನಾನು ನೋಡುತ್ತಿದ್ದದ್ದು ವಾಚನ್ನಲ್ಲ. ವಾಚಿನ ಪಟ್ಟಿಯ ಅಂಚಿನಲ್ಲಿ ಎದ್ದ ನೀಲಿ ನರವನ್ನು. ಆ ಹೊತ್ತಿಗೆ ನನಗೆ ತಿಳಿದುಹೋಯಿತು, ನಾನು ಕೆಟ್ಟೆ.

*

ವಾಚಿನ ಹಿಂದಿನ ಕಥೆಯನ್ನು ಹಿರಿಯರ ಬಾಯಿಂದಲೇ ಕೇಳಿ, ಹರಾಜಿನಲ್ಲಿ ಕೊಳ್ಳುವವರಿಗೆ ಹೇಳಬೇಕೆಂದು ಒಂದು ಭಾನುವಾರ ಅವನು ಮನೆಗೆ ಬಂದ. ಅಪ್ಪ ಎದುರುಗೊಳ್ಳಲು ಲಿಫ್ಟಿನ ತನಕ ಹೋಗಿದ್ದರು. ಅಮ್ಮ ಅನಸೂಯ ಅಡುಗೆಮನೆಯಲ್ಲಿದ್ದರು. ಹಾಲಿನಲ್ಲಿ ಲೀಲಮ್ಮಜ್ಜಿ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ಅಜ್ಜಿಗೆ ಒಂದೊಂದು ದಿನ ಎಲ್ಲ ನೆನಪಿರುತ್ತದೆ, ಒಂದೊಂದು ದಿನ ನಾನೇ ಅಮ್ಮನಾಗುತ್ತೇನೆ. ಮುಖಗಳು ಮಸುಕು. ಚಿನ್ನ ಮಾತ್ರ ಚೆನ್ನಾಗಿ ಕಾಣುತ್ತದೆ.

ಅವನು ಕೈ ಮುಗಿದ. ಮುಗಿದ ಕೈಯಲ್ಲಿ ವಾಚು ಹೊಳೆಯಿತು. ಅಜ್ಜಿ ಕುರ್ಚಿಯ ತೋಳು ಹಿಡಿದು ಎದ್ದುಬಿಟ್ಟರು.

"ಅನಸೂಯಾ! ಅಳಿಯಂದ್ರು ಬಂದಿದ್ದಾರೆ, ಒಳಗೆ ಏನ್ ಮಾಡ್ತಿದ್ದೀಯೇ? ಕಾಲಿಗೆ ನೀರು ಕೊಡು. ಬೆಳ್ಳಿ ಲೋಟ ತೆಗಿ. ಬನ್ನಿ ಅಳಿಯಂದ್ರೆ, ಬಿಸಿಲಲ್ಲಿ ಬಂದ್ರಿ, ಬನ್ನಿ."

ಅಮ್ಮ ಸೌಟು ಹಿಡಿದು ಬಂದವರು ಹಾಗೇ ನಿಂತರು. ಅವನ ಹಿಂದೆಯೇ ಬಂದ ಅಪ್ಪ ಬಾಗಿಲು ಹಾಕುವುದನ್ನು ಮರೆತರು. ಭೋಜರಾಜ ನನ್ನ ಕಡೆ ನೋಡಿದ, ಕೈಯ ಕಡೆ ನೋಡಿದ, ಮತ್ತೆ ನನ್ನ ಕಡೆ ನೋಡಿದ.

"ಈ ಮನೇಲಿ ಆ ವಾಚು ಕಟ್ಟೋರು ಅಳಿಯಂದ್ರು ಮಾತ್ರ," ಎಂದೆ ಮೆಲ್ಲಗೆ. "ಅಜ್ಜಿಗೆ ಗೊತ್ತಾಗಲ್ಲ. ಸಾರಿ."

ಅವನ ಕಿವಿ ಕೆಂಪಾಯಿತು. ಇಲ್ಲ ಅಜ್ಜಿ, ನಾನು ಕಂಪನಿಯವನು ಎಂದು ಹೇಳಿ ನಗಬಹುದಿತ್ತು. ಅವನು ಬಾತ್‌ರೂಮಿಗೆ ಹೋಗಿ ಕಾಲು ತೊಳೆದು ಬಂದ. ಅಜ್ಜಿ ತೋರಿಸಿದ ಜಾಗದಲ್ಲಿ ಕೂತ. ಅಜ್ಜಿ ಅವನ ಹಣೆಗೆ ಕುಂಕುಮವಿಟ್ಟರು. ಆಮೇಲೆ ವಾಚನ್ನು ಬೆರಳ ತುದಿಯಲ್ಲಿ ಸವರಿ, ಕಿವಿಯನ್ನು ಅವನ ಕೈಯ ಹತ್ತಿರ ತಂದರು. ಅವನು ಅರ್ಥವಾದವನಂತೆ ಮಣಿಕಟ್ಟನ್ನು ಮೆಲ್ಲಗೆ ವಾಲಿಸಿದ. ಟಕ್. ಅಜ್ಜಿಯ ಮುಖ ಅರಳಿತು. ಆ ಸದ್ದನ್ನು ಅವರು ಐದು ವರ್ಷದಿಂದ ಕೇಳಿರಲಿಲ್ಲ.

ಊಟಕ್ಕೆ ಕೂತು ಅಪ್ಪ ಎರಡು ಮದುವೆಗಳ, ಅಜ್ಜಿ ಹಚ್ಚಿದ ಕುಂಕುಮದ ಕಥೆ ಹೇಳಿದರು. ಪಾಯಸ ಬಡಿಸುವಾಗ ಅಜ್ಜಿ ನನ್ನ ಕೈ ಹಿಡಿದು ಅವನ ಕೈ ಮೇಲಿಟ್ಟರು. "ಇವಳ ಬಾಯಿ ಜೋರು, ಮನಸ್ಸು ಮೃದು. ನೋಡ್ಕೋತೀರಲ್ಲ?"

"ನೋಡ್ಕೋತೀನಿ ಅಜ್ಜಿ," ಎಂದ ಅವನು.

ತಮಿಳಿಲ್ಲದ, ಬೈಗುಳವಿಲ್ಲದ, ಅಚ್ಚುಕಟ್ಟಾದ ಕನ್ನಡದಲ್ಲಿ.

ಅವನನ್ನು ಕಳಿಸಲು ಲಿಫ್ಟಿನ ತನಕ ಹೋದವಳು ಅಲ್ಲೇ ಜಗಳ ತೆಗೆದೆ. ಅವನ ಆ ನೋಡ್ಕೋತೀನಿ ಇನ್ನೂ ಕಿವಿಯಲ್ಲಿತ್ತು, ಅದಕ್ಕೆ ಸಿಟ್ಟು ಬಂತು.

"ವಯಸ್ಸಾದವರ ಮುಂದೆ ಹಾಗೆ ಸುಳ್ಳು ಹೇಳಬಹುದಾ?"

"ನಾನು ಸುಳ್ಳು ಹೇಳಲಿಲ್ಲ."

"ಹಾಗಾದ್ರೆ ಏನು ಹೇಳಿದ್ರಿ?"

ಅವನು ಉತ್ತರ ಕೊಡುವ ಮೊದಲು ವಾಚಿನ ಕಡೆ ನೋಡಿದ. ನನ್ನ ಕಡೆಯಲ್ಲ, ವಾಚಿನ ಕಡೆ. "ಹರಾಜು ಮುಗೀಲಿ ವೀಕ್ಷಾ. ಅದಕ್ಕೆ ಮುಂಚೆ ಏನೂ ಹೇಳೋಕಾಗಲ್ಲ."

"ಓಹೋ. ಮೊದಲು ಮಾರಾಟ, ಆಮೇಲೆ ಮಾತು."

"ಹಾಗಲ್ಲ..."

"ಮೊದಲ ದಿನದಿಂದ ನೋಡ್ತಿದ್ದೀನಿ, ನೀವು ನೋಡೋದು ಅದನ್ನೇ. ಅದು ಇಲ್ದಿದ್ರೆ ನೀವು ಈ ಮನೆ ಮೆಟ್ಟಿಲು ಹತ್ತುತ್ತಿದ್ರಾ?"

ಅವನು ನಿಧಾನವಾಗಿ ವಾಚು ಬಿಚ್ಚಿ, ಮೆತ್ತನೆಯ ಚೀಲದೊಳಗಿಟ್ಟ. "ಇದು ಏನು ಅಂತ ಗೊತ್ತಾದ ಮೇಲೆ ನಾನು ಕಟ್ಕೋಬಾರದು," ಎಂದ. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು.

ಮಾರನೆಯ ಬೆಳಿಗ್ಗೆ ಬಂದ ಫೋಟೋದಲ್ಲಿ ಕೈ ಇರಲಿಲ್ಲ. ಬಟ್ಟೆಯ ಮೇಲೆ ವಾಚು ಮಾತ್ರ. ಅದರಾಚೆಯ ದಿನ ಒಂದೇ ಸಾಲು, "ವಾಚು ನಿಂತಿದೆ. ಮೆಷಿನ್ ಸರಿಯಾಗಿದೆ, ಹೆದರಬೇಡಿ." ಆಮೇಲೆ ಅದೂ ಇಲ್ಲ. ಮಣಲಿಯ ಗೇಟಿನ ಮುಂದೆ ಟೀ ಕುಡಿಯಲು ನಾನೊಬ್ಬಳೇ ಹೋದೆ. ಚೆನ್ನಾಗಿರಲಿಲ್ಲ.

*

ಹರಾಜು ಆಳ್ವಾರ್‌ಪೇಟೆಯ ಒಂದು ಹಳೆಯ ಬಂಗಲೆಯಲ್ಲಿ. ಎತ್ತರದ ಸೂರು, ಬಿಳಿ ಬಟ್ಟೆ ಹಾಸಿದ ಮೇಜುಗಳು, ಗಾಜಿನ ಪೆಟ್ಟಿಗೆಗಳಲ್ಲಿ ಎಷ್ಟೆಷ್ಟೋ ವಾಚುಗಳು. ಜನ ಗುಂಪಾಗಿ ನಿಂತಿದ್ದದ್ದು ಮಾತ್ರ ಒಂದೇ ಪೆಟ್ಟಿಗೆಯ ಮುಂದೆ. ಆ ಗುಂಪಿನಲ್ಲಿ ಗದ್ದಲವಿರಲಿಲ್ಲ. ಗರ್ಭಗುಡಿಯ ಮುಂದೆ ನಿಂತವರ ಹಾಗೆ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಿದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ನಮ್ಮ ವಾಚು ಕಪ್ಪು ಮಖಮಲ್ಲಿನ ಮೇಲೆ ಕೂತು, ನನ್ನ ಪರಿಚಯವೇ ಇಲ್ಲದಂತಿತ್ತು.

ಅಪ್ಪ ನನ್ನ ಪಕ್ಕ ನಿಂತು, "ಇದನ್ನ ಕಟ್ಕೊಂಡು ನಾನು ಬಸ್ಸಲ್ಲಿ ನೇತಾಡ್ತಾ ಎಲ್‌ಐಸಿ ಆಫೀಸಿಗೆ ಹೋಗ್ತಿದ್ದೆ ಕಣಮ್ಮ," ಎಂದರು. ಅವರ ದನಿಯಲ್ಲಿ ಬೆರಗಿತ್ತು, ಸ್ವಲ್ಪ ಭಯವೂ.

ಗುಂಪನ್ನು ದಾಟಿಕೊಂಡು ಕೊಯಮತ್ತೂರಿನ ಪದ್ಮನಾಭ ಎಂಬ ಹಿರಿಯರು ಬಂದರು. ವಾಚು ಕೂಡಿಡುವವರಲ್ಲಿ ದೊಡ್ಡ ಹೆಸರಂತೆ. ಭೋಜರಾಜ ವಾಚನ್ನು ಅವರ ಕೈಗೆ ಕಟ್ಟಿದ. ಅವನದು ಬಿಳಿ ಅಂಗಿ, ಬಾಚಿದ ಕೂದಲು, ನನ್ನ ಕಡೆ ತಿರುಗದ ಕಣ್ಣು. ಪದ್ಮನಾಭರು ಕೈಯನ್ನು ಒಮ್ಮೆ ವಾಲಿಸಿ ಕಣ್ಣು ಮುಚ್ಚಿಕೊಂಡರು. ತುಂಬ ಹೊತ್ತು ಮುಚ್ಚಿದ್ದರೂ ಹಿಂದಿದ್ದವರು ಯಾರೂ ಅವಸರ ಮಾಡಲಿಲ್ಲ. ತೆರೆದಾಗ ಆ ಕಣ್ಣುಗಳು ಒದ್ದೆಯಾಗಿದ್ದವು.

"ಓದಿದ್ದೆ. ಹೀಗಿರುತ್ತೆ ಅಂತ ಗೊತ್ತಿರಲಿಲ್ಲ," ಎಂದರು ಕನ್ನಡದಲ್ಲೇ. ಆಮೇಲೆ ಅದನ್ನು ಬಿಚ್ಚಿ ತಿರುಗಿಸಿ, ಜೇಬಿನಿಂದ ಭೂತಗನ್ನಡಿ ತೆಗೆದರು. "ಹಿಂದಿನ ಮುಚ್ಚಳದ ಅಂಚಲ್ಲಿ ಏನೋ ಕೆಂಪಗಿದೆಯಲ್ಲ ತಂಬಿ? ತುಕ್ಕಾ?"

"ಕುಂಕುಮ ಸಾರ್."

"ಸರ್ವಿಸ್ ಮಾಡಿದವರು ತೆಗೀಲಿಲ್ವಾ?"

"ಒಳಗಿನ ಮೆಷಿನ್ ಮಾತ್ರ ಕ್ಲೀನ್ ಮಾಡಿಸಿದ್ದೀನಿ. ಹೊರಗೆ ಬಟ್ಟೇನೂ ತಾಗಿಸಿಲ್ಲ." ಭೋಜರಾಜ ಮುಚ್ಚಳದ ಅಂಚನ್ನು ತೋರಿಸಿದ. "ಈ ವಾಚು ಎರಡು ಮದುವೆ ನೋಡಿದೆ ಸಾರ್. ಒಂದೊಂದು ಸಲ ಒಬ್ಬ ಅಪ್ಪ ತನ್ನ ಮಗಳನ್ನ ಒಬ್ಬ ಹೊಸಬನಿಗೆ ಕೊಡ್ತಾ ಇದನ್ನ ಕಟ್ಟಿದ್ದಾರೆ. ಆ ಕುಂಕುಮ ಅವತ್ತಿಂದು. ತೆಗೆಯೋದಾದ್ರೆ ತಗೊಂಡೋರು ತೆಗೀಲಿ, ನನ್ನ ಕೈಯಲ್ಲಿ ಆಗಲ್ಲ."

ಪದ್ಮನಾಭರು ವಾಚನ್ನು ಮಖಮಲ್ಲಿನ ಮೇಲೆ ವಾಪಸ್ ಇಟ್ಟರು, ಇಡುವ ಮೊದಲು ಕಣ್ಣಿಗೊತ್ತಿಕೊಂಡು.

ನಾನು ವರಾಂಡಕ್ಕೆ ಹೋದೆ. ಅಳಬಾರದೆಂದು ಕಂಬ ಎಣಿಸುತ್ತ ನಿಂತೆ. ಹಿಂದೆ ಹೆಜ್ಜೆಯ ಸದ್ದಾಯಿತು.

"ವೀಕ್ಷಾ, ಒಂದು ವಿಷಯ ಹೇಳಲೇಬೇಕು," ಎಂದ ಭೋಜರಾಜ. ಎರಡು ಮಾರು ದೂರದಲ್ಲೇ ನಿಂತ. "ಇನ್ನೂ ತಡ ಆಗಿಲ್ಲ. ಹರಾಜು ಶುರು ಆಗೋ ತನಕ ನೀವು ಬೇಡ ಅಂದ್ರೆ ವಾಚು ನಿಮ್ಮದು. ನಮ್ಮ ಆಫೀಸ್‌ನೋರು ಇದನ್ನ ನಾನು ಹೇಳೋದನ್ನ ಇಷ್ಟಪಡಲ್ಲ. ಆದ್ರೂ ನಿಮಗೆ ಗೊತ್ತಿರಬೇಕು."

"ನಿಮಗೇನು ಬೇಕು?"

ಅವನು ನನ್ನನ್ನು ನೋಡಿದ.

"ನನ್ನ ಕೇಳಿದ್ರೆ... ಅದು ಮಾರಿ ಹೋಗಬೇಕು."

ಕೆನ್ನೆಗೆ ಹೊಡೆದಂತಾಯಿತು. ಕುಂಕುಮದ ಮಾತು ಕೇಳಿ ನನ್ನೊಳಗೆ ಏನೇನೋ ಎದ್ದಿತ್ತಲ್ಲ, ಎಲ್ಲ ಕೂತುಬಿಟ್ಟಿತು. "ಮಾರಿ," ಎಂದೆ. "ಅದಕ್ಕೇ ತಾನೇ ತಂದಿರೋದು."

ಒಳಗೆ ಬಂದು ಕೊನೆಯ ಸಾಲಿನಲ್ಲಿ ಅಪ್ಪನ ಪಕ್ಕ ಕೂತೆ. ನಮ್ಮ ವಾಚಿನ ಸರದಿ ಬಂದಾಗ ಕೈಗಳು ಮೇಲೆದ್ದವು. ಹರಾಜು ಕೂಗುವಾಕೆ ಹೇಳುತ್ತಿದ್ದ ಮೊತ್ತ ಒಂದು ಹಂತ ದಾಟಿದ ಮೇಲೆ ನನ್ನ ತಲೆಗೆ ಹತ್ತಲಿಲ್ಲ. ಒಂದೊಂದಾಗಿ ಕೈಗಳು ಇಳಿದವು. ಕೊನೆಗೆ ಉಳಿದದ್ದು ಮುಂದಿನ ಸಾಲಿನ ಒಂದೇ ಕೈ, ಪದ್ಮನಾಭರದು. ಸುತ್ತಿಗೆ ಬಿತ್ತು. ಟಕ್.

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೂ ಬಾರದ ನಮ್ಮ ಮದುವೆ ಮನೆಗೆ ಊರೆಲ್ಲ ಬಂದ ಹಾಗಿತ್ತು. ಅಪ್ಪ ನನ್ನ ಕೈ ಹಿಡಿದುಕೊಂಡು ಜೋರಾಗಿ ಅತ್ತರು, ನಾನೂ ಅತ್ತೆ. ಪದ್ಮನಾಭರು ಹುಡುಕಿಕೊಂಡು ಬಂದು ಅಪ್ಪನಿಗೆ ಕೈ ಮುಗಿದರು. ವಾಚು ಆಗಲೇ ಅವರ ಕೈಯಲ್ಲಿತ್ತು.

"ಕುಂಕುಮ ಹಾಗೇ ಇರುತ್ತೆ ಸ್ವಾಮಿ. ಪೆಟ್ಟಿಗೇಲಿ ಇಡಲ್ಲ, ದಿನಾ ಕಟ್ಕೋತೀನಿ," ಎಂದರು.

ಅವರು ಕೈ ಬೀಸುತ್ತ ಮೆಟ್ಟಿಲಿಳಿದು ಹೋಗುವುದನ್ನು ಅಪ್ಪ ನೋಡುತ್ತಲೇ ಇದ್ದರು. ನಡೀತಿದೆಯಲ್ಲ, ಅಷ್ಟು ಸಾಕು ಎಂದರು.

*

ನಾನು ಆಟೋ ಬುಕ್ ಮಾಡುತ್ತ ಗೇಟಿನ ಹತ್ತಿರ ನಿಂತಿದ್ದೆ. ಅಪ್ಪ ನೀರು ಕುಡಿಯಲು ಒಳಗೆ ಹೋಗಿದ್ದರು. ಭೋಜರಾಜ ಬಂಗಲೆಯ ಮೆಟ್ಟಿಲುಗಳನ್ನು ಓಡುತ್ತ ಇಳಿದು ಬಂದ. ಬಂದವನೇ ಎಡಗೈಯ ತೋಳನ್ನು ಮೇಲಕ್ಕೆ ಸರಿಸಿ ನನ್ನ ಮುಂದೆ ಹಿಡಿದ. ಖಾಲಿ ಮಣಿಕಟ್ಟು. ವಾಚಿದ್ದ ಜಾಗದಲ್ಲಿ ಚರ್ಮ ಒಂದಿಷ್ಟು ಬೆಳ್ಳಗಿತ್ತು.

"ಈಗ ನಿಮ್ಮ ಮನೇಲಿ ವಾಚಿಲ್ಲ," ಎಂದ, ಏದುಸಿರಿನಲ್ಲಿ.

"ಇಲ್ಲ. ಸಂತೋಷ ಆಯ್ತಾ?"

"ತುಂಬಾ. ಅದು ಇರೋ ತನಕ ನಾನು ನಿಮ್ಮ ಮನೆಗೆ ಯಾವಾಗ ಬಂದ್ರೂ ವಾಚಿಗೆ ಬಂದ ಹಾಗೇ. ಏನು ಹೇಳಿದ್ರೂ ವಾಚಿಗೆ ಹೇಳಿದ ಹಾಗೇ. ನೀವು ಲಿಫ್ಟ್ ಹತ್ರ ಕೇಳಿದ್ರಲ್ಲ, ಅದು ಇಲ್ದಿದ್ರೆ ಮೆಟ್ಟಿಲು ಹತ್ತುತ್ತಿದ್ರಾ ಅಂತ? ಅವತ್ತು ಏನು ಹೇಳಿದ್ರೂ ನೀವು ನಂಬ್ತಿರ್ಲಿಲ್ಲ. ನಾನೂ ನಂಬ್ತಿರ್ಲಿಲ್ಲ." ಅವನು ಉಸಿರು ತೆಗೆದುಕೊಂಡ. "ಈಗ ಕೇಳ್ತೀನಿ. ಮೆಟ್ಟಿಲು ಹತ್ತಲಾ, ವೀಕ್ಷಾ?"

ಫೋನಿನಲ್ಲಿ ಆಟೋದವನು ಕೂಗುತ್ತಿದ್ದ. ನಾನು ಅದನ್ನು ಕಟ್ ಮಾಡಿದೆ.

ಬಾಯಿ ಜೋರು ಎಂದು ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಆ ಹೊತ್ತಿಗೆ ಬಾಯಿಗಿಂತ ಮೊದಲು ಕೈ ಹೋಯಿತು. ಅವನ ಮಣಿಕಟ್ಟನ್ನು ಹಿಡಿದೆ. ಬಿಳಿಯ ಗುರುತಿನ ಮೇಲೆ ಬೆರಳಿಟ್ಟೆ. ಒಳಗಿನಿಂದ ತಟ್ಟುತ್ತಿತ್ತು, ವಾಚಿಗಿಂತ ಜೋರಾಗಿ, ತಾಳ ತಪ್ಪಿ.

"ಸರಿಯಾಗಿ ನಡೀತಿಲ್ಲ ಇದು," ಎಂದೆ.

"ನೀವು ಹಿಡ್ಕೊಂಡಿದ್ದೀರಲ್ಲ, ಅದಕ್ಕೆ."

"ಬಿಡಲಾ?"

"ಬೇಡ."

ಅವನು ನನ್ನನ್ನು ನೋಡುತ್ತಿದ್ದ. ಮೊದಲ ದಿನ ಸೋಫಾದಲ್ಲಿ ಕೂತು ನೋಡಿದ್ದನಲ್ಲ, ಬಾಯಿ ಅರ್ಧ ತೆರೆದು, ಅದೇ ನೋಟ. ನನಗೆ ಹೆದರಿಕೆಯಾಯಿತು. ಯಾರಾದರೂ ಹಾಗೆ ನೋಡುವಾಗ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಭಾನುವಾರ ಬನ್ನಿ. ಊಟದ ಹೊತ್ತಿಗೆ," ಎಂದೆ. "ಆದ್ರೆ ಅಜ್ಜಿಗೆ ವಾಚಿಲ್ದೆ ನೀವು ಯಾರು ಅಂತ ಗೊತ್ತಾಗಲ್ಲ. ಬೇಜಾರು ಮಾಡ್ಕೋಬೇಡಿ."

"ಪರವಾಗಿಲ್ಲ. ಹೊಸದಾಗಿ ಪರಿಚಯ ಮಾಡ್ಕೋತೀನಿ. ಕಂಡಿಪ್ಪಾ, ಖಂಡಿತಾ ಬರ್ತೀನಿ."

*

ಭಾನುವಾರ ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಪ್ಪನಿಗೂ ಅಮ್ಮನಿಗೂ ನಾನೇ ಹೇಳಿದ್ದೆ, ಅವನು ಬರುವುದು ನನಗಾಗಿ ಎಂದು. ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಿಸಲು ಹೋದರು. ಅಪ್ಪ ಮೂರು ಸಲ ಅಂಗಿ ಬದಲಾಯಿಸಿದರು. ಅಜ್ಜಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ನನಗಿದ್ದದ್ದು ಒಂದೇ ಭಯ. ಅಜ್ಜಿ ಅವನನ್ನು ನೋಡಿ, ಯಾರಪ್ಪಾ ನೀನು ಎಂದುಬಿಟ್ಟರೆ, ಅವತ್ತಿನ ಕುಂಕುಮ, ಅವತ್ತಿನ ಪಾಯಸ ಎಲ್ಲ ಆ ವಾಚಿನ ಜೊತೆ ಕೊಯಮತ್ತೂರಿಗೆ ಹೋದಂತೆ.

ಬೆಲ್ ಆಯಿತು. ನಾನೇ ಬಾಗಿಲು ತೆಗೆದೆ. ಅದೇ ಹೆಲ್ಮೆಟ್, ಅದೇ ಬೆವರು. ಕೈಯಲ್ಲಿ ಮಲ್ಲಿಗೆಯ ಪೊಟ್ಟಣ. ಅವನು ಒಳಗೆ ಬಂದು ಅಜ್ಜಿಯ ಮುಂದೆ ಕೈ ಮುಗಿದ.

ಅಜ್ಜಿ ಮೊದಲು ಅವನ ಮಣಿಕಟ್ಟನ್ನು ನೋಡಿದರು. ಬೆರಳು ಚಾಚಿ, ವಾಚಿರಬೇಕಾದ ಜಾಗವನ್ನು ತಡವಿದರು. ಏನೂ ಸಿಗಲಿಲ್ಲ. ಹುಬ್ಬು ಗಂಟಿಕ್ಕಿತು. ಆಮೇಲೆ ತಲೆಯೆತ್ತಿ, ಕಣ್ಣು ಕಿರಿದು ಮಾಡಿ, ಅವನ ಮುಖವನ್ನು ನೋಡಿದರು. ತುಂಬ ಹೊತ್ತು ನೋಡಿದರು.

ಏನು ಮಾಡಬೇಕೋ ತೋಚದೆ ಅವನು ನಕ್ಕ. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು.

"ವಾಚಿಲ್ದೇನೇ ಸರಿಯಾದ ಹೊತ್ತಿಗೆ ಬಂದ್ರಲ್ಲ ಅಳಿಯಂದ್ರೆ," ಎಂದರು ಅಜ್ಜಿ. "ವೀಕ್ಷಾ, ನಿಂತು ನೋಡ್ತಾ ಇದ್ದೀಯಲ್ಲೇ, ಕಾಲಿಗೆ ನೀರು ಕೊಡು."

ನಾನು ನೀರು ತರಲು ಒಳಗೆ ಓಡಿದೆ.